ಶಾಲೆಯ ಹತ್ತು ವರ್ಷದ ಖರ್ಚನ್ನು ಒಂದೇ ಹಾಳೆಯಲ್ಲಿ ಓದುವ ಬಗೆ

ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಖರ್ಚು ಮಾತ್ರ ಏರುತ್ತಲೇ ಇದೆ, ಇದು ಹೇಗೆ? ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಕನ್ನಡ ಶಾಲೆಯ ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ಮಹಾಸಭೆಯಲ್ಲಾದರೂ ಏಳಬಹುದಾದ ಪ್ರಶ್ನೆ ಇದು. ಉತ್ತರ ಕೊಡಬೇಕಾದವರ ಕೈಯಲ್ಲಿ ಸಾಮಾನ್ಯವಾಗಿ ಕಳೆದ ವರ್ಷದ ಜಮಾ-ಖರ್ಚಿನ ಒಂದು ಹಾಳೆ ಇರುತ್ತದೆ, ಅಷ್ಟೆ. ಒಂದು ವರ್ಷದ ಹಾಳೆಯಿಂದ ಇದಕ್ಕೆ ಉತ್ತರ ಸಿಗದು. ಎಂಟು-ಹತ್ತು ವರ್ಷದ ಲೆಕ್ಕವನ್ನು ಅಕ್ಕಪಕ್ಕ ಇಡಬೇಕು, ಇಡುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಪುಸ್ತಕಗಳು ಕೈಗೆ ಸಿಕ್ಕಿದರೆ ಇಬ್ಬರು ಕೂತು ನಾಲ್ಕೈದು ಶನಿವಾರಗಳಲ್ಲಿ ಮುಗಿಸಬಹುದಾದ ಕೆಲಸ.

ಯಾರ ಕಿಸೆಯಿಂದ ಹೋದದ್ದು?

ಅನುದಾನಿತ ಶಾಲೆಗೆ ಹಣ ಒಂದೇ ಕಡೆಯಿಂದ ಬರುವುದಿಲ್ಲ, ಒಂದೇ ಪುಸ್ತಕದಲ್ಲಿ ದಾಖಲಾಗುವುದೂ ಇಲ್ಲ. ಅಧ್ಯಾಪಕರ ಸಂಬಳ ಸರಕಾರದ್ದು. ಬಿಲ್ಲು ಸರಕಾರದ ಸಂಬಳ ತಂತ್ರಾಂಶ ಸ್ಪಾರ್ಕ್‌ನಲ್ಲಿ ತಯಾರಾಗುತ್ತದೆ, ಹಣ ಶಾಲೆಯ ಒಡೆತನವಿರುವ ಮೇನೇಜರರ ಕೈಗೆ ಬಾರದೆ ಅಧ್ಯಾಪಕರ ಖಾತೆಗೆ ಹೋಗುತ್ತದೆ. ಕಟ್ಟಡ ಮೇನೇಜರರ ಹೊಣೆ, ಅದಕ್ಕೆ ಮಕ್ಕಳ ಸಂಖ್ಯೆ ನೋಡಿ ಒಂದಿಷ್ಟು ಮೈಂಟೆನೆನ್ಸ್ ಗ್ರಾಂಟ್ ಬರುತ್ತದೆ. ಮಧ್ಯಾಹ್ನದೂಟ ಮುಖ್ಯೋಪಾಧ್ಯಾಯರು ನೋಡಿಕೊಳ್ಳುವ ಪ್ರತ್ಯೇಕ ಲೆಕ್ಕ. ಬಸ್ಸು, ವಾರ್ಷಿಕೋತ್ಸವ, ಪ್ರಿ-ಪ್ರೈಮರಿಯ ಹೆಚ್ಚುವರಿ ಖರ್ಚು ಇತ್ಯಾದಿ ಪಿಟಿಎಯ ತಲೆಗೆ. ಹೀಗೆ ನಾಲ್ಕು ಕಿಸೆ. "ಶಾಲೆಯ ಖರ್ಚು" ಎಂದು ಸಭೆಯಲ್ಲಿ ಹೇಳುವಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಕಿಸೆ ಇರುತ್ತದೆ, ಜಗಳದ ಅರ್ಧ ಪಾಲು ಅಲ್ಲಿಂದಲೇ.

ಸರಕಾರಿ ಶಾಲೆಯಾದರೆ ಮೇನೇಜರರ ಜಾಗದಲ್ಲಿ ಪಂಚಾಯತ್ ಬರುತ್ತದೆ. ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳು ಗ್ರಾಮ ಪಂಚಾಯತ್ತಿಗೆ ಸೇರಿವೆ, ಹೈಸ್ಕೂಲುಗಳು ಜಿಲ್ಲಾ ಪಂಚಾಯತ್ತಿಗೆ. ಪಂಚಾಯತ್ ತನ್ನ ಯೋಜನೆಯಲ್ಲಿ ಆವರಣ ಗೋಡೆ ಕಟ್ಟಿಸಿದರೆ ಅದರ ಒಂದು ರೂಪಾಯಿಯೂ ಶಾಲೆಯ ಕ್ಯಾಶ್ ಪುಸ್ತಕದಲ್ಲಿ ಕಾಣಿಸದು. ವರ್ಷವಾರು ಕಾಮಗಾರಿ ಪಟ್ಟಿಯನ್ನು ಪಂಚಾಯತ್ ಕಚೇರಿಯಿಂದಲೇ ಕೇಳಿ ತರಬೇಕು.

ಆದ್ದರಿಂದ ಮೊದಲ ಕೆಲಸ: ಒಂದು ಉದ್ದ ಪುಸ್ತಕದಲ್ಲೋ ಕಂಪ್ಯೂಟರ್ ಹಾಳೆಯಲ್ಲೋ ಎಡಗಡೆ ಬಾಬ್ತುಗಳು, ಮೇಲೆ ವರ್ಷಗಳು. ಪ್ರತಿ ಬಾಬ್ತಿನ ಪಕ್ಕ ಅದು ಯಾವ ಕಿಸೆಯದ್ದೆಂದು ಒಂದು ಅಕ್ಷರ ಬರೆಯಿರಿ. ಬಾಬ್ತುಗಳು ಹತ್ತರ ಒಳಗಿರಲಿ: ಸಂಬಳ, ದಿನವೇತನ, ಊಟದ ಸಾಮಗ್ರಿ, ಅಡುಗೆಯವರ ವೇತನ, ಕರೆಂಟು-ನೀರು, ಕಟ್ಟಡ ದುರಸ್ತಿ, ಪೀಠೋಪಕರಣ ಮತ್ತು ಕಂಪ್ಯೂಟರ್, ಬಸ್ಸು, ಕಾರ್ಯಕ್ರಮ ಮತ್ತು ಇತರ. ಮೂವತ್ತು ಬಾಬ್ತು ಮಾಡಿದರೆ ಮೂರನೇ ವರ್ಷಕ್ಕೆ ಯಾವುದು ಎಲ್ಲಿಗೆ ಎಂಬುದೇ ಮರೆತುಹೋಗುತ್ತದೆ.

ನಮ್ಮ ಕಡೆಯ ಶಾಲೆಗಳಿಗೆ ಮಾತ್ರ ಇರುವ ಒಂದು ತೊಡಕು ಭಾಷೆಯದ್ದು. ಹಳೆಯ ಪುಸ್ತಕ ಕನ್ನಡದಲ್ಲಿ, ಆದೇಶ ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ. ಒಬ್ಬ ಮುಖ್ಯೋಪಾಧ್ಯಾಯರು "ದುರಸ್ತಿ" ಎಂದು ಬರೆದದ್ದನ್ನು ಮುಂದಿನವರು "ಅಟ್ಟಕುಟ್ಟಪ್ಪಣಿ" ಎಂದೂ ಅವರ ನಂತರದವರು "ರಿಪೇರಿ" ಎಂದೂ ಬರೆದಿರುತ್ತಾರೆ. "ಮಧ್ಯಾಹ್ನದೂಟ", "ಉಚ್ಚಭಕ್ಷಣ", "ನೂನ್ ಮೀಲ್" ಮೂರೂ ಒಂದೇ. ಹೆಸರು ನೋಡಿ ಹೊಸ ಸಾಲು ತೆರೆದರೆ ಒಂದು ಬಾಬ್ತು 2017ರಲ್ಲಿ ಸತ್ತು ಇನ್ನೊಂದು ಹುಟ್ಟಿದ ಹಾಗೆ ಕಾಣುತ್ತದೆ. ಒಂದು ಪುಟದಲ್ಲಿ ಹೆಸರುಗಳ ಜೋಡಿ ಪಟ್ಟಿ ಮಾಡಿಟ್ಟುಕೊಂಡು ಶುರುಮಾಡಿ. ಶತಮಾನೋತ್ಸವಕ್ಕೆಂದು ಹಿಂದಿನ ಕಾಲಕ್ಕೆ ಹೋಗುವವರು ಇನ್ನೂ ಎರಡು ಗಡಿ ನೆನಪಿಡಬೇಕು. 1956ರ ನವೆಂಬರ್ 1ಕ್ಕೆ ಮೊದಲಿನ ಕಾಗದಗಳು ದಕ್ಷಿಣ ಕನ್ನಡ ಜಿಲ್ಲೆಯವು, 1957ರ ಎಪ್ರಿಲ್ 1ಕ್ಕೆ ಮೊದಲಿನ ಮೊತ್ತಗಳು ಆಣೆ-ಪೈಯಲ್ಲಿ ಇರುತ್ತವೆ. ಎಂಟಾಣೆಯನ್ನು ಎಂಟು ಪೈಸೆ ಎಂದು ಇಳಿಸಿಕೊಂಡರೆ ಲೆಕ್ಕ ಅಲ್ಲಿಗೇ ಕೆಟ್ಟಿತು.

ವರ್ಷ ಯಾವುದು, ಮಕ್ಕಳೆಷ್ಟು

ಶಾಲೆ ಜೂನ್‌ನಿಂದ ಮಾರ್ಚ್, ಸರಕಾರದ ಲೆಕ್ಕ ಎಪ್ರಿಲ್‌ನಿಂದ ಮಾರ್ಚ್. ಪಿಟಿಎ ಲೆಕ್ಕ ಮಾತ್ರ ಮಹಾಸಭೆ ಯಾವಾಗ ಆಯಿತೋ ಆವಾಗಿನಿಂದ ಮುಂದಿನ ಮಹಾಸಭೆಯವರೆಗೆ ಹರಿದಿರುವುದುಂಟು. ಒಂದು ವರ್ಷದ್ದು ಹದಿನಾಲ್ಕು ತಿಂಗಳು, ಮುಂದಿನದ್ದು ಹತ್ತು ತಿಂಗಳು. ಎಲ್ಲವನ್ನೂ ಎಪ್ರಿಲ್-ಮಾರ್ಚ್‌ಗೆ ಒಡೆದು ಬರೆಯಿರಿ. ಒಡೆಯಲು ವೋಚರಿನ ದಿನಾಂಕ ಸಾಕು.

ಆದರೆ ಮಾರ್ಚ್‌ನ ಊಟದ ಸಾಮಾನಿನ ಹಣ ಎಪ್ರಿಲ್‌ನಲ್ಲೋ ಮೇಯಲ್ಲೋ ಬಂದು ಅಂಗಡಿಯ ಸಾಲ ತೀರಿದರೆ ಅದು ಯಾವ ವರ್ಷದ ಖರ್ಚು? ಊಟ ಬಡಿಸಿದ ವರ್ಷದ್ದು. ಹಣ ಕೊಟ್ಟ ದಿನ ಹಿಡಿದರೆ ಒಂದು ವರ್ಷ ಹನ್ನೊಂದು ತಿಂಗಳ ಊಟ, ಇನ್ನೊಂದು ವರ್ಷ ಒಂಬತ್ತು ತಿಂಗಳದ್ದು ಬಂದು ಏರಿಳಿತ ಹುಟ್ಟುತ್ತದೆ. ಇಂಥ ಸುಳ್ಳು ಏರಿಳಿತವೇ ಲೆಕ್ಕದಲ್ಲಿ ಅತಿ ಹೆಚ್ಚು.

ಭಾಗಿಸಲು ಮಕ್ಕಳ ಸಂಖ್ಯೆ ಬೇಕು. ಜೂನ್ ತಿಂಗಳ ಆರನೇ ಕೆಲಸದ ದಿನದ ಸಂಖ್ಯೆಯನ್ನೇ ಹಿಡಿಯಿರಿ. ಅಧ್ಯಾಪಕ ಹುದ್ದೆಗಳನ್ನು ನಿಗದಿ ಮಾಡುವುದು ಅದರ ಮೇಲೆಯೇ, "ಸಂಪೂರ್ಣ" ಎಂಬ ಶಾಲಾ ತಂತ್ರಾಂಶದಲ್ಲೂ ಅದು ಸಿಗುತ್ತದೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಸಂಖ್ಯೆಯನ್ನು ನಂಬಬೇಡಿ, ಅದರಲ್ಲಿ ಪ್ರಿ-ಪ್ರೈಮರಿ ಮಕ್ಕಳೂ ಸೇರಿರಬಹುದು. ಪ್ರಿ-ಪ್ರೈಮರಿ ಇದ್ದರೆ ಅದರ ಮಕ್ಕಳನ್ನೂ ಖರ್ಚನ್ನೂ ಎರಡನ್ನೂ ಸೇರಿಸಿ, ಇಲ್ಲವೇ ಎರಡನ್ನೂ ಬಿಡಿ.

ಪುಸ್ತಕ ಕಾಣೆಯಾದ ವರ್ಷ ಒಂದೋ ಎರಡೋ ಇದ್ದರೆ ಆ ಕಂಬಸಾಲನ್ನು ಖಾಲಿ ಬಿಡಿ. ಆಚೀಚೆಯ ವರ್ಷದ ಸರಾಸರಿ ತೆಗೆದು ತುಂಬಿಸಿದವರು ಮುಂದೆ ಅದೇ ಸಂಖ್ಯೆಯನ್ನು ನಿಜವೆಂದು ನಂಬಿ ವಾದ ಮಾಡುತ್ತಾರೆ.

ಸಂಬಳದ ಸಾಲು

ಒಟ್ಟು ಖರ್ಚಿನ ದೊಡ್ಡ ಪಾಲು ಇದೇ. ಶಾಲೆಯವರ ಕೈಯಲ್ಲಿ ಏನೂ ಇಲ್ಲದ ಪಾಲೂ ಇದೇ. ಇದನ್ನು ಬರೆದಿಡಿ, ಆದರೆ ಉಳಿದದ್ದರ ಜೊತೆ ಕೂಡಿಸಬೇಡಿ. ಕಾರಣವಿದೆ. 11ನೆಯ ವೇತನ ಪರಿಷ್ಕರಣೆ 2019ರ ಜುಲೈ 1ರಿಂದ ಅನ್ವಯ, ಕೈಗೆ ಬಂದದ್ದು 2021ರಲ್ಲಿ. ಅದಕ್ಕೆ ಮೊದಲಿನದ್ದು 2014ರ ಜುಲೈ 1ರಿಂದ ಅನ್ವಯ, ಜಾರಿಯಾದದ್ದು 2016ರಲ್ಲಿ. ಇಂಥ ವರ್ಷಗಳಲ್ಲಿ ಗೆರೆ ಮೆಟ್ಟಿಲಿನಂತೆ ಮೇಲಕ್ಕೆ ಹೋಗುತ್ತದೆ, ಶಾಲೆಯಲ್ಲಿ ಒಂದು ಬೆಂಚೂ ಹೆಚ್ಚಾಗಿರುವುದಿಲ್ಲ. ಬಾಕಿ ಹಣ ಬಂದಿದ್ದರೆ ಅದು ಸಲ್ಲಬೇಕಾಗಿದ್ದ ವರ್ಷಕ್ಕೆ ಹಾಕಿ.

ಇಳಿತವೂ ಹೀಗೆಯೇ ಮೋಸ ಮಾಡುತ್ತದೆ. ಮೂವತ್ತು ವರ್ಷ ಸೇವೆಯ ಅಧ್ಯಾಪಕಿ ನಿವೃತ್ತರಾಗಿ ಹೊಸಬರು ಬಂದ ವರ್ಷ ಸಂಬಳದ ಬಿಲ್ಲು ಇಳಿಯುತ್ತದೆ. ಅದು ಉಳಿತಾಯವಲ್ಲ. ಹುದ್ದೆ ಖಾಲಿ ಬಿದ್ದು ದಿನವೇತನದವರು ಪಾಠ ಮಾಡಿದ ವರ್ಷವೂ ಇಳಿಯುತ್ತದೆ. ಅದಕ್ಕೇ ದಿನವೇತನದ ಸಾಲು ಬೇರೆ ಇರಬೇಕು. ಸಂಬಳದ ಕೆಳಗೆ ರೂಪಾಯಿಯ ಬದಲು "ಮಂಜೂರಾದ ಹುದ್ದೆ", "ಪಾಠ ಮಾಡಿದ ಕಾಯಂ ಅಧ್ಯಾಪಕರು" ಎಂದು ಎರಡು ಸಂಖ್ಯೆ ಬರೆದರೆ ಶಾಲೆಯ ನಿಜವಾದ ಸ್ಥಿತಿ ಅದರಲ್ಲೇ ಕಾಣುತ್ತದೆ.

ಅನ್ನದ ಲೆಕ್ಕ

ಅಕ್ಕಿಗೆ ಶಾಲೆ ದುಡ್ಡು ಕೊಡುವುದಿಲ್ಲ. ಅದನ್ನು ಕಿಲೋದಲ್ಲೇ ಬರೆಯಿರಿ. ಎಲ್‌ಪಿ ಮಗುವಿಗೆ ದಿನಕ್ಕೆ 100 ಗ್ರಾಂ, ಯುಪಿ ಮಗುವಿಗೆ 150 ಗ್ರಾಂ. ಸಾಮಗ್ರಿಗೆ, ಅಂದರೆ ಬೇಳೆ, ತರಕಾರಿ, ಎಣ್ಣೆ, ಗ್ಯಾಸಿಗೆ, ತಲೆಗೆ ಇಷ್ಟು ಎಂದು ದರ ಇದೆ. ಕೇಂದ್ರ ನಿಗದಿ ಮಾಡಿದ ದರ ಪ್ರೈಮರಿಗೆ 2022ರ ಅಕ್ಟೋಬರ್‌ನಿಂದ 5.45 ರೂ., 2024ರ ಡಿಸೆಂಬರ್‌ನಿಂದ 6.19, 2025ರ ಮೇಯಿಂದ 6.78. ಅಪ್ಪರ್ ಪ್ರೈಮರಿಗೆ ಕ್ರಮವಾಗಿ 8.17, 9.29, 10.17. ಇದರಲ್ಲಿ ಕೇಂದ್ರದ್ದು 60 ಪಾಲು, ಕೇರಳದ್ದು 40. ಮೊಟ್ಟೆ, ಹಾಲು ರಾಜ್ಯದ ಪೂರಕ ಪೌಷ್ಟಿಕ ಆಹಾರದ ಲೆಕ್ಕ, ಅದಕ್ಕೆ ಬೇರೆ ಸಾಲು. ಒಂದು ಸಣ್ಣ ಗೊಂದಲಕ್ಕೆ ಜಾಗವಿದೆ: ಕೇಂದ್ರದ ಮಾತಿನಲ್ಲಿ ಪ್ರೈಮರಿ ಎಂದರೆ 1ರಿಂದ 5, ನಮ್ಮಲ್ಲಿ ಎಲ್‌ಪಿ 1ರಿಂದ 4. ಐದನೇ ಕ್ಲಾಸಿನ ಮಕ್ಕಳನ್ನು ಯಾವ ದರದಲ್ಲಿ ಹಾಕಿದ್ದಾರೆಂದು ಪ್ರತಿ ವರ್ಷದ ಪಟ್ಟಿಯಲ್ಲೂ ನೋಡಿಕೊಳ್ಳಿ.

ಒಂದು ತಿಂಗಳನ್ನು ಬಿಡಿಸಿ ನೋಡೋಣ. ಎಲ್‌ಪಿ ಶಾಲೆ, ದಿನಕ್ಕೆ ಸರಾಸರಿ 60 ಮಕ್ಕಳು ಉಣ್ಣುತ್ತಾರೆ, 20 ದಿನ ಊಟ. ಅಕ್ಕಿ 120 ಕಿಲೋ. ಸಾಮಗ್ರಿಗೆ 6.78ರ ದರದಲ್ಲಿ ಸಿಗುವುದು 8,136 ರೂ. ಅದೇ ಶಾಲೆಯಲ್ಲಿ 40 ಮಕ್ಕಳಾದರೆ ಸಿಗುವುದು 5,424 ರೂ. ಅಕ್ಕಿ, ತರಕಾರಿ ಮೂರನೇ ಒಂದು ಪಾಲು ಇಳಿಯುತ್ತದೆ, ಸರಿ. ಆದರೆ ಸಾಂಬಾರಿನ ಪಾತ್ರೆ ಕುದಿಯಲು ಬೇಕಾದ ಗ್ಯಾಸು ಮೂರನೇ ಒಂದು ಪಾಲು ಇಳಿಯುವುದಿಲ್ಲ, ಪೇಟೆಯಿಂದ ಸಾಮಾನು ತರುವ ಆಟೋದ ಬಾಡಿಗೆ ಇಳಿಯುವುದೇ ಇಲ್ಲ. ಮಕ್ಕಳು ಕಡಿಮೆಯಾದಷ್ಟೂ ತಲೆಗೆ ಬೀಳುವ ಖರ್ಚು ದರವನ್ನು ದಾಟುವುದು ಹೀಗೆ. ಎಷ್ಟು ದಾಟುತ್ತದೆಂದು ತಿಳಿಯಲು ಸಿಲಿಂಡರ್ ಬದಲಾಯಿಸಿದ ದಿನಾಂಕವನ್ನು ಅಡುಗೆ ಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಒಂದು ಸಿಲಿಂಡರಿಗೆ ಎಷ್ಟು ಊಟ ಎಂಬ ಸಂಖ್ಯೆ ಮೂರು ತಿಂಗಳಲ್ಲಿ ಸಿಗುತ್ತದೆ.

ಉಂಡವರ ಸಂಖ್ಯೆಗೆ ಕೆ2 ರಿಜಿಸ್ಟರ್ ನೋಡಿ, ಹಾಜರಿ ಪುಸ್ತಕವಲ್ಲ. ಮನೆಯಿಂದ ಬುತ್ತಿ ತರುವ ಮಕ್ಕಳು ಹಾಜರಿಯಲ್ಲಿ ಇರುತ್ತಾರೆ, ಊಟದಲ್ಲಿ ಇರುವುದಿಲ್ಲ.

ಕಾಣದ ಖರ್ಚೂ ಒಂದಿದೆ. ತೋಟ ಇರುವ ಹೆತ್ತವರು ತೆಂಗಿನಕಾಯಿ, ಸೌತೆಕಾಯಿ, ಬಾಳೆಗೊನೆ ತಂದುಕೊಡುವ ಶಾಲೆಗಳಲ್ಲಿ ಸಾಮಗ್ರಿಯ ಬಿಲ್ಲು ಚಿಕ್ಕದಿರುತ್ತದೆ. ಆ ಮನೆಯ ಕೊನೆಯ ಮಗು ಏಳನೇ ಕ್ಲಾಸು ಮುಗಿಸಿ ಹೋದ ವರ್ಷ ಬಿಲ್ಲು ಒಮ್ಮೆಲೇ ದೊಡ್ಡದಾಗುತ್ತದೆ. ಪುಸ್ತಕ ನೋಡಿದವರು ಹೊಸ ಮುಖ್ಯೋಪಾಧ್ಯಾಯರ ಕೈ ಸಡಿಲ ಎನ್ನುತ್ತಾರೆ. ಕೊಟ್ಟದ್ದನ್ನು ಎಣಿಕೆಯಲ್ಲಾದರೂ ಬರೆದಿಟ್ಟರೆ ಈ ಅಪವಾದ ತಪ್ಪೀತು. ಶ್ರಮದಾನಕ್ಕೂ ಇದೇ ಮಾತು: ಎಷ್ಟು ಆಳು, ಎಷ್ಟು ದಿನ.

ಮಾಡು, ಪಕ್ಕಾಸು, ಹೆಂಚು

ಹತ್ತು ವರ್ಷದ ಗೆರೆಯಲ್ಲಿ ಏಳು ವರ್ಷ ನೆಲಕ್ಕಂಟಿಕೊಂಡು ಒಂದು ವರ್ಷ ಆಕಾಶಕ್ಕೆ ಹಾರುವ ಬಾಬ್ತು ಕಟ್ಟಡ ದುರಸ್ತಿ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು (ಚಾವಣಿ) ಇರುವ ಹಳೆಯ ಕಟ್ಟಡವಾದರೆ ಇದನ್ನು ಬಿಡಿಸಿಯೇ ನೋಡಬೇಕು.

20 ಮೀಟರ್ ಉದ್ದ, 6 ಮೀಟರ್ ಅಗಲದ ಮೂರು ಕ್ಲಾಸಿನ ಕಟ್ಟಡ ಎನ್ನೋಣ. ಇಳಿಜಾರು, ಸೂರು ಸೇರಿ ಮಾಡಿನ ವಿಸ್ತೀರ್ಣ ಸುಮಾರು 150 ಚದರ ಮೀಟರ್. ಚದರ ಮೀಟರಿಗೆ ಹೆಚ್ಚುಕಡಿಮೆ 15 ಹೆಂಚು, ಒಟ್ಟು 2,250. ವರ್ಷಕ್ಕೆ ನೂರಕ್ಕೆ ಐದರಂತೆ ಒಡೆದದ್ದನ್ನು ಬದಲಾಯಿಸಿದರೂ 110 ಹೆಂಚು, ಒಬ್ಬ ಆಚಾರಿ, ಇಬ್ಬರು ಆಳು, ಎರಡು ದಿನ. ಮೇ ತಿಂಗಳ ಈ ಕೆಲಸವನ್ನು "ಈ ವರ್ಷ ಸೋರುವುದಿಲ್ಲ" ಎಂದು ಬಿಟ್ಟರೆ ಏನಾಗುತ್ತದೆ? ಮರದ ತರಗೆಲೆ ಹೆಂಚಿನ ಸಾಲಿನಲ್ಲಿ ಕೂತು ಜೂನ್-ಜುಲೈಯ ನೀರನ್ನು ತಡೆಯುತ್ತದೆ. ತಡೆದ ನೀರು ಹೆಂಚಿನ ಸಂದಿಯಿಂದ ಅದರಡಿಯ ಮರದ ಪಟ್ಟಿಗೆ, ಅಂದರೆ ರೀಪಿಗೆ, ಇಳಿಯುತ್ತದೆ. ರೀಪು ಕುಂಬಾಗಿ (ಕೊಳೆತು) ಹೆಂಚು ಜಾರುತ್ತದೆ, ಜಾರಿದಲ್ಲಿ ಇನ್ನಷ್ಟು ನೀರು. ಮೂರನೇ ಮಳೆಗಾಲಕ್ಕೆ ಗೋಡೆಯ ಮೇಲೆ ಕೂತ ಪಕ್ಕಾಸಿನ (ರೀಪನ್ನು ಹೊರುವ ಇಳಿಜಾರು ಮರದ) ತುದಿ ಕುಂಬು, ಅದಕ್ಕೆ ಗೆದ್ದಲು. ಮುರಕಲ್ಲು ನೀರು ಹೀರಿ ಗಾರೆ ಕಳಚುತ್ತದೆ. ಶಾಲೆ ತೆರೆಯುವ ಮೊದಲು ಫಿಟ್‌ನೆಸ್ ಸರ್ಟಿಫಿಕೇಟಿಗೆ ಇಂಜಿನಿಯರ್ ಬಂದಾಗ ಮಾಡು ಬಿಚ್ಚದೆ ಗತಿಯಿಲ್ಲ.

ಹಾಗಾಗಿ ಒಂಬತ್ತನೇ ವರ್ಷದ ದೊಡ್ಡ ಮೊತ್ತದ ಬೇರು ಮೂರು ಮತ್ತು ನಾಲ್ಕನೇ ವರ್ಷದ ಸೊನ್ನೆಗಳಲ್ಲಿ ಇರುತ್ತದೆ. ದುರಸ್ತಿ ಸಾಲಿನಲ್ಲಿ ಸೊನ್ನೆ ಕಂಡರೆ ಸಂತೋಷಪಡಬೇಡಿ, ಕೆಂಪು ಗುರುತು ಹಾಕಿ.

ದೊಡ್ಡ ಮೊತ್ತವನ್ನು ಎರಡು ಕಡೆ ಬರೆಯಬೇಕು. ಕೊಟ್ಟ ವರ್ಷದಲ್ಲಿ ಪೂರ್ತಿ ಮೊತ್ತ. ಇನ್ನೊಂದು ಹಾಳೆಯಲ್ಲಿ ಬಾಳಿಕೆಗೆ ಹಂಚಿ. ಮಾಡಿಗೆ 4,50,000 ರೂ. ಹೋಗಿ ಹದಿನೈದು ವರ್ಷ ಬಾಳುತ್ತದೆ ಎಂದಾದರೆ ವರ್ಷಕ್ಕೆ 30,000. ಬಸ್ಸು, ಜನರೇಟರ್, ಪಂಪ್‌ಸೆಟ್ಟಿಗೂ ಇದೇ ಕ್ರಮ. ಹೋಲಿಕೆಗೆ ಎರಡನೇ ಹಾಳೆ, ಆಡಿಟ್‌ಗೆ ಮೊದಲನೆಯದು.

ಮಕ್ಕಳ ಸಂಖ್ಯೆ ನೋಡಿ ಬರುವ ಗ್ರಾಂಟು ಈ ಮಾಡಿಗೆ ಹೊಂದುವುದಿಲ್ಲ, ಹೆಂಚಿನ ಲೆಕ್ಕ ಮಕ್ಕಳು ಹೋದರೂ 2,250ರಲ್ಲೇ ನಿಲ್ಲುತ್ತದೆ. ಸರಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಾ ಯೋಜನೆಯಿಂದ ಬರುವ ಕಾಂಪೋಸಿಟ್ ಗ್ರಾಂಟಿನಲ್ಲಿ ಇನ್ನೂ ಚೂಪಾದ ಅಂಚುಗಳಿವೆ. 30 ಮಕ್ಕಳವರೆಗೆ 10,000 ರೂ., 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದರ ಮೇಲೆ 1,00,000 ಎಂಬುದು ನಿಯಮ. 101 ಮಕ್ಕಳಿದ್ದ ಶಾಲೆಯಿಂದ ಒಬ್ಬಳು ಟಿಸಿ ತೆಗೆದುಕೊಂಡು ಹೋದರೆ ಗ್ರಾಂಟು ಅರ್ಧಕ್ಕೆ ಇಳಿಯುತ್ತದೆ. ಇದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಪಾಲು ಶುಚಿತ್ವಕ್ಕೆ ಇಡಬೇಕು. ಹತ್ತು ವರ್ಷದ ಹಾಳೆಯಲ್ಲಿ ಈ ಅಂಚು ದಾಟಿದ ವರ್ಷಕ್ಕೆ ಗುರುತು ಹಾಕದಿದ್ದರೆ ಗ್ರಾಂಟು ಏಕೆ ಮುರಿದು ಬಿತ್ತೆಂದು ಮುಂದೆ ಯಾರಿಗೂ ಅರ್ಥವಾಗದು.

ಹಳೆಯ ರೂಪಾಯಿ, ಹೊಸ ರೂಪಾಯಿ

2015-16ರ ರೂಪಾಯಿಯನ್ನು 2023-24ರ ರೂಪಾಯಿಯ ಪಕ್ಕ ಹಾಗೆಯೇ ಇಡುವಂತಿಲ್ಲ. ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ, 2012ನ್ನು 100 ಎಂದು ಹಿಡಿದ ಸರಣಿಯಲ್ಲಿ, 2015-16ರ ಸರಾಸರಿ 124.7, 2019-20ರದ್ದು 146.3, 2023-24ರದ್ದು 184.1. ಅಂದರೆ ಎಂಟು ವರ್ಷದಲ್ಲಿ 1.476 ಪಟ್ಟು. ಹಳೆಯ ಮೊತ್ತವನ್ನು ಇದರಿಂದ ಗುಣಿಸಿ, ಇಲ್ಲವೇ ಹೊಸದನ್ನು ಇದರಿಂದ ಭಾಗಿಸಿ, ಯಾವುದಾದರೂ ಒಂದು. ಬೇರೆ ಮೂಲವರ್ಷದ ಸರಣಿಯ ಅಂಕಿಯನ್ನು ಇದರ ಜೊತೆ ನೇರ ಬೆರೆಸಬೇಡಿ.

ಒಂದು ಕಲ್ಪಿತ ಯುಪಿ ಶಾಲೆ ಹಿಡಿಯೋಣ. ಸಂಬಳ ಬಿಟ್ಟು 2015-16ರಲ್ಲಿ ಮಕ್ಕಳಿರಲಿ ಇಲ್ಲದಿರಲಿ ಆಗುವ ಖರ್ಚು 2,40,000 ರೂ., ಮಗುವಿಗೆ ಇಷ್ಟೆಂದು ಆಗುವುದು 1,500 ರೂ. ಮಕ್ಕಳು 148. ಒಟ್ಟು 4,62,000, ತಲೆಗೆ 3,122. 2023-24ಕ್ಕೆ ಮಕ್ಕಳು 92. ಶಾಲೆ ಹೊಸತೇನನ್ನೂ ಮಾಡಿಲ್ಲ, ಬೆಲೆ ಮಾತ್ರ 1.476 ಪಟ್ಟು ಆಗಿದೆ ಎನ್ನಿ. ಆಗ ಒಟ್ಟು 5,57,928, ತಲೆಗೆ 6,064.

ಈಗ ಸಭೆಯಲ್ಲಿ ಒಬ್ಬರು "ಖರ್ಚು ನೂರಕ್ಕೆ 21 ಏರಿದೆ" ಎನ್ನುತ್ತಾರೆ. ಇನ್ನೊಬ್ಬರು "ತಲೆಗೆ ಹತ್ತಿರಹತ್ತಿರ ಎರಡು ಪಟ್ಟು" ಎನ್ನುತ್ತಾರೆ. ಹಳೆಯ ರೂಪಾಯಿಗೆ ಇಳಿಸಿ ನೋಡಿದರೆ ಒಟ್ಟು 3,78,000 ಮಾತ್ರ, ಅಂದರೆ ನೂರಕ್ಕೆ 18 ಕಡಿಮೆ. ಮೂರು ಮಾತೂ ಸುಳ್ಳಲ್ಲ. ತಲೆಗೆ ಹೆಚ್ಚಾದ 2,942 ರೂಪಾಯಿಯನ್ನು ಒಡೆದರೆ ಹಳೆಯ ರೂಪಾಯಿಯಲ್ಲೇ 987 ರೂ. ಬಂದದ್ದು ಮಕ್ಕಳು ಕಡಿಮೆಯಾಗಿ, ಉಳಿದ 1,955 ಬೆಲೆಯೇರಿಕೆಯಿಂದ. ದುಂದು ಎಂಬುದು ಎಲ್ಲೂ ಇಲ್ಲ. ನಿಮ್ಮ ಶಾಲೆಯ ಅಂಕಿಗಳಿಗೆ ಇದನ್ನೇ ಮಾಡಿ: ಬೆಲೆಯ ಪಾಲು, ಮಕ್ಕಳ ಪಾಲು ತೆಗೆದ ಮೇಲೆ ಉಳಿಯುವುದಿದ್ದರೆ ಅದು ಮಾತ್ರ ನಿಜವಾದ ಬದಲಾವಣೆ, ಅದಕ್ಕೆ ಮಾತ್ರ ಕಾರಣ ಹುಡುಕಬೇಕು.

ಸೂಚ್ಯಂಕ ಮನೆಖರ್ಚಿನದ್ದು, ಆಚಾರಿಯ ಸಂಬಳ ಅದರ ಹಿಂದೆಯೇ ನಡೆಯಬೇಕೆಂದಿಲ್ಲ. ಕಟ್ಟಡದ ಸಾಲಿಗೆ ಬೇಕಾದರೆ ಇನ್ನೊಂದು ಅಳತೆ ಇಟ್ಟುಕೊಳ್ಳಿ: ಆ ವರ್ಷದ ದುರಸ್ತಿ ಹಣಕ್ಕೆ ಆಚಾರಿಯ ಎಷ್ಟು ದಿನದ ಕೂಲಿ ಸಿಗುತ್ತಿತ್ತು. ಹಳೆಯ ವೋಚರುಗಳಲ್ಲಿ ಕೂಲಿ ದರ ಬರೆದೇ ಇರುತ್ತದೆ.

ಮೂಲ ವರ್ಷವಾಗಿ 2020-21, 2021-22 ಬೇಡ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇರಳದ ಶಾಲೆಗಳು ಮತ್ತೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಊಟದ ಬದಲು ಕಿಟ್, ಬಸ್ಸು ಶೆಡ್ಡಿನಲ್ಲಿ, ಕರೆಂಟು ಬಿಲ್ಲು ಅತಿ ಕಡಿಮೆ. ಅಲ್ಲಿಂದ ಅಳೆದರೆ ಮುಂದಿನ ಎಲ್ಲ ವರ್ಷವೂ ದುಬಾರಿ ಕಾಣುತ್ತದೆ.

ಬಸ್ಸು, ಪ್ರೊಜೆಕ್ಟರ್

ಮಕ್ಕಳನ್ನು ಉಳಿಸಿಕೊಳ್ಳಲೆಂದು ಬಸ್ಸು ತಂದ ವರ್ಷ ಪಿಟಿಎ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಡೀಸೆಲ್, ಡ್ರೈವರ್, ಮಕ್ಕಳನ್ನು ನೋಡಿಕೊಳ್ಳುವ ಆಯಾ, ವಿಮೆ, ತೆರಿಗೆ, ಟಯರು. ಫಿಟ್‌ನೆಸ್ ಪರೀಕ್ಷೆ ಬಸ್ಸಿಗೆ ಎಂಟು ವರ್ಷವಾಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಸ್ಸಿನ ಸಾಲಿನಲ್ಲಿ ಹೆತ್ತವರ ಬಸ್ ಫೀಸನ್ನು ಕಳೆದು ನಿವ್ವಳ ಮೊತ್ತ ಮಾತ್ರ ಬರೆಯುವವರಿದ್ದಾರೆ. ಹಾಗೆ ಮಾಡಿದರೆ ಡೀಸೆಲ್ ಏರಿದ್ದೋ ಫೀಸು ಬಾಕಿಯಾದದ್ದೋ ತಿಳಿಯದು. ಎರಡನ್ನೂ ಪೂರ್ತಿ ಬರೆಯಿರಿ, ಪಕ್ಕದಲ್ಲಿ ಓಡಿದ ಕಿಲೋಮೀಟರ್ ಮತ್ತು ಹತ್ತಿದ ಮಕ್ಕಳ ಸಂಖ್ಯೆ ಇರಲಿ. ಮಕ್ಕಳು ಕಡಿಮೆಯಾದರೂ ದೂರದ ಎರಡು ಮನೆಗಳಿಗಾಗಿ ಕಿಲೋಮೀಟರ್ ಅಷ್ಟೇ ಉಳಿಯುವುದು ಸಾಮಾನ್ಯ.

ಸರಕಾರದ ಹೈಟೆಕ್ ಶಾಲಾ ಯೋಜನೆಯಲ್ಲೋ ಹಳೆ ವಿದ್ಯಾರ್ಥಿಗಳಿಂದಲೋ ಪುಕ್ಕಟೆ ಬಂದ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಟಿವಿಗೆ ಬಂದ ವರ್ಷ ಖರ್ಚಿಲ್ಲ. ಗ್ಯಾರಂಟಿ ಮುಗಿದ ಮೇಲೆ ಬ್ಯಾಟರಿ, ರಿಪೇರಿ ಶುರು. ಗುಡುಗು-ಮಿಂಚಿನ ತಿಂಗಳುಗಳಲ್ಲಿ ಪ್ಲಗ್ ತೆಗೆಯದೆ ಹೋದರೆ ಒಂದೇ ಸಂಜೆಗೆ ಎಲ್ಲವೂ ಹೋದೀತು. ಬಂದ ತಾರೀಕು, ಗ್ಯಾರಂಟಿ ಮುಗಿಯುವ ತಾರೀಕು ಎರಡನ್ನೂ ಸ್ಟಾಕ್ ಪುಸ್ತಕದಿಂದ ಈ ಹಾಳೆಗೆ ತನ್ನಿ.

ಮುಗಿದ ಮೇಲೆ ಹಾಳೆಯ ಮೂರು ಪ್ರತಿ ಮಾಡಿ: ಶಾಲೆಯ ಕಪಾಟಿಗೊಂದು, ಮೇನೇಜರರಿಗೊಂದು, ಪಿಟಿಎ ಅಧ್ಯಕ್ಷರಿಗೊಂದು. ಮುಖ್ಯೋಪಾಧ್ಯಾಯರಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ, ಅವರ ಲ್ಯಾಪ್‌ಟಾಪಿನಲ್ಲಿದ್ದ ಫೈಲು ಅವರ ಜೊತೆಗೇ ಹೋಗುತ್ತದೆ. ಪ್ರತಿ ಮೇ ತಿಂಗಳಲ್ಲಿ, ಹೆಂಚು ನೋಡಲು ಆಚಾರಿ ಬರುವ ವಾರವೇ, ಹೊಸ ವರ್ಷದ ಒಂದು ಕಂಬಸಾಲು ಸೇರಿಸಲು ಇಬ್ಬರಿಗೆ ಒಂದು ಮಧ್ಯಾಹ್ನ ಸಾಕು.